ಶಿಶುಹೃದಯವೂ ಬೆಳಗುವ ಪರದೆಯೂ

(ಮಠದ ಮಹೋತ್ಸವದ ಅಂಗವಾಗಿ ಕೂಡಿದ ಸದ್ಭಕ್ತರ ಸಭೆಯಲ್ಲಿ ಓದಿದ ಉಪನ್ಯಾಸ)

 

ಮಹೋತ್ಸವದ ಸಭೆಯೆಂದರೆ ಮಠದ ಹಿಂದಿನ ವೈಭವವನ್ನು ನೆನೆಯುವದು ವಾಡಿಕೆ. ಅದು ಯೋಗ್ಯವೇ ಸರಿ. ಆದರೆ ಯಾವ ಸಂಸ್ಥೆಯೇ ಆಗಲಿ ಮುಂದೆ ಬಾಳತಕ್ಕದ್ದು ಈ ಹೊತ್ತು ತಾಯಿಯ ಸೊಂಟದ ಮೇಲೆ ಕುಳಿತು ಸಭೆಗೆ ಬಂದಿರುವ ಕೂಸುಗಳಿಂದ. ಆ ಕೂಸುಗಳ ಮನಸ್ಸು ಯಾವ ಬೆಳಕಿನಲ್ಲಿ ಬೆಳೆಯುತ್ತಿದೆ ಎಂಬ ವಿಚಾರವು ಇಂಥ ಸಮಾರಂಭದಲ್ಲಿ ಅಪ್ರಸ್ತುತವಾಗಲಾರದು. ಆದಕಾರಣ ಅದೇ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

ಮುಚ್ಚಂಜೆಯ ಹೊತ್ತಿನಲ್ಲಿ ಯಾವದಾದರೊಂದು ಮನೆಯ ಪಡಸಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿರಿ. ತಾಯಿ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ತಂದೆ ಈಗತಾನೆ ಕೆಲಸದಿಂದ ಬಂದು ಗೋಡೆಗೆ ಒರಗಿ ಮೊಬೈಲು ಫೋನನ್ನು ನೋಡುತ್ತಿದ್ದಾನೆ. ಅಜ್ಜಿ ದೂರದರ್ಶನದ ಧಾರಾವಾಹಿಯ ಮುಂದೆ ಕುಳಿತಿದ್ದಾಳೆ. ಮೂರು ವರುಷದ ಕೂಸು ಮಣ್ಣಿನ ಎತ್ತೊಂದನ್ನು ಕೈಯಲ್ಲಿ ಹಿಡಿದು, "ಅಪ್ಪಾ, ಇಲ್ಲಿ ನೋಡು" ಎಂದು ಕರೆಯುತ್ತದೆ. ತಂದೆ ತಲೆಯೆತ್ತದೆ "ಹೂಂ" ಎನ್ನುತ್ತಾನೆ. ಕೂಸು ಮತ್ತೆ ಕರೆಯುತ್ತದೆ. ಅವನ ಗದ್ದವನ್ನು ಹಿಡಿದು ತನ್ನ ಕಡೆಗೆ ತಿರುಗಿಸಲು ನೋಡುತ್ತದೆ. ಕಡೆಗೆ ಎತ್ತನ್ನು ನೆಲಕ್ಕೆ ಬಿಸುಟು ಅಳತೊಡಗುತ್ತದೆ. ಆಗ ಮನೆಯವರೆಲ್ಲರಿಗೂ ಒಂದೇ ಉಪಾಯ ಹೊಳೆಯುತ್ತದೆ. ಫೋನು ಕೂಸಿನ ಕೈಗೆ ಹೋಗುತ್ತದೆ. ಅಳು ಥಟ್ಟನೆ ನಿಲ್ಲುತ್ತದೆ. ಮನೆ ಶಾಂತವಾಯಿತೆಂದು ಎಲ್ಲರೂ ಭಾವಿಸುತ್ತಾರೆ.

ಆ ಶಾಂತತೆಯು ನಿಜವಾದ ಶಾಂತಿಯೇ? ಅಳುತ್ತಿದ್ದ ಕೂಸಿನ ದುಃಖವು ಎಲ್ಲಿಗೆ ಹೋಯಿತು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವದೇ ಈ ಉಪನ್ಯಾಸದ ಉದ್ದೇಶ. ದೂರದರ್ಶನ, ಮೊಬೈಲು, ಗಣಕಯಂತ್ರ ಇವೆಲ್ಲವನ್ನೂ ಮುಂದೆ ಸೌಕರ್ಯಕ್ಕಾಗಿ "ಪರದೆ" ಎಂಬ ಒಂದೇ ಹೆಸರಿನಿಂದ ಕರೆಯಲಾಗುವದು.

ಪರದೆಯು ಮನೆಯನ್ನು ಹೊಕ್ಕು ಬಹಳ ಕಾಲವೇನೂ ಆಗಿಲ್ಲ. ಭಾರತದಲ್ಲಿ ದೂರದರ್ಶನದ ಪ್ರಸಾರವು ದಿಲ್ಲಿಯಲ್ಲಿ 1959ರಲ್ಲಿ ಮೊದಲಾಯಿತು, ಬೆಂಗಳೂರಿನಲ್ಲಿ 1981ರಲ್ಲಿ. ಆಗ ಓಣಿಗೊಂದು ಪೆಟ್ಟಿಗೆ. ಅದರ ಮುಂದೆ ಹತ್ತು ಮನೆಯ ಜನ. ನೋಡುವ ಕಾಲಕ್ಕೆ ನಗು, ಟೀಕೆ, ಜಗಳ ಎಲ್ಲವೂ ಜನರ ನಡುವೆಯೇ ನಡೆಯುತ್ತಿದ್ದವು. 2016ರಿಂದ ಈಚೆಗೆ ಅಂತರ್ಜಾಲವು ಅಗ್ಗವಾದ ಮೇಲೆ ಪರದೆಯು ಪಡಸಾಲೆಯನ್ನು ಬಿಟ್ಟು ಒಬ್ಬೊಬ್ಬರ ಅಂಗೈಗೆ ಬಂದಿತು. ಇದೇ ದೊಡ್ಡ ವ್ಯತ್ಯಾಸ. ಹಿಂದೆ ಹತ್ತು ಜನ ಒಂದನ್ನು ನೋಡುತ್ತಿದ್ದರು. ಈಗ ಒಂದೇ ಮನೆಯ ನಾಲ್ವರು ನಾಲ್ಕನ್ನು ನೋಡುತ್ತಾರೆ, ಒಬ್ಬರನ್ನೊಬ್ಬರು ನೋಡುವದಿಲ್ಲ.

ಇನ್ನು ಪ್ರಕೃತಕ್ಕೆ ಬರೋಣವಾಗಲಿ. ಮಗುವಿನಲ್ಲಿ ಭಾವವು ಬೆಳೆಯುವದು ಹೇಗೆ?

ಹುಟ್ಟಿದ ಕೂಸಿಗೆ ಹಸಿವು, ನೋವು, ಹೆದರಿಕೆ ಇವು ಉಂಟು. ಇವುಗಳ ಹೆಸರು ಗೊತ್ತಿಲ್ಲ, ಇವು ತೀರುವವೆಂಬ ನಂಬಿಕೆಯೂ ಇಲ್ಲ. ಅದು ಅಳುತ್ತದೆ, ತಾಯಿ ಎತ್ತಿಕೊಳ್ಳುತ್ತಾಳೆ, "ಯಾಕೋ ನನ್ನಪ್ಪಾ, ಹೆದರಿಕೆ ಆಯಿತೇ?" ಎಂದು ಕೇಳುತ್ತಾಳೆ. ಕೂಸಿನ ಮುಖದಲ್ಲಿ ಇದ್ದದ್ದು ಕ್ಷಣಕಾಲ ಅವಳ ಮುಖದಲ್ಲಿ ಮೂಡುತ್ತದೆ. ಬಳಿಕ ಅವಳ ಮುಖದಲ್ಲಿ ಮೂಡಿದ ಸಮಾಧಾನವು ಕೂಸಿನ ಮುಖಕ್ಕೆ ಇಳಿಯುತ್ತದೆ. ಹೀಗೆ ಸಾವಿರ ಸಾರೆ ನಡೆದ ಮೇಲೆ ಮಗುವಿಗೆ ತನ್ನೊಳಗಿನ ಭಾವದ ಗುರುತು ಹತ್ತುತ್ತದೆ. ಅದು ಬಂದಂತೆ ಹೋಗುತ್ತದೆಂಬ ಧೈರ್ಯವೂ ಬರುತ್ತದೆ. ಎದುರಿಗಿರುವ ಮುಖವೇ ಶಿಶುವಿನ ಮೊದಲನೆಯ ಕನ್ನಡಿ. ಸಾಮಾನ್ಯ ಕನ್ನಡಿಯು ಇದ್ದದ್ದನ್ನು ಇದ್ದಂತೆ ತೋರಿಸಿ ಸುಮ್ಮನಾಗುತ್ತದೆ. ಈ ಕನ್ನಡಿಯು ತೋರಿಸುವದಲ್ಲದೆ ಸಂತೈಸುತ್ತದೆ.

ಈ ಮಾತಿಗೆ ಪ್ರಮಾಣವೇನೆಂದು ಕೇಳುವವರಿಗಾಗಿ ಒಂದು ಪ್ರಸಿದ್ಧವಾದ ಪರೀಕ್ಷೆಯನ್ನು ಹೇಳಬಹುದು. ಅಮೇರಿಕೆಯ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಟ್ರೋನಿಕ್ ಎಂಬವರು ತಮ್ಮ ಸಂಗಡಿಗರೊಡನೆ ನಡೆಸಿ 1978ರಲ್ಲಿ ಪ್ರಕಟಿಸಿದ್ದು ಅದು. ಕೆಲವೇ ತಿಂಗಳ ಕೂಸನ್ನು ತಾಯಿ ಎದುರಿಗೆ ಕೂಡ್ರಿಸಿಕೊಂಡು ಆಡಿಸುತ್ತಾಳೆ. ಬಳಿಕ, ಮೊದಲೇ ಹೇಳಿಕೊಟ್ಟಂತೆ, ಕೆಲವು ನಿಮಿಷಗಳ ವರೆಗೆ ಮುಖವನ್ನು ಕಲ್ಲಿನಂತೆ ನಿಶ್ಚಲವಾಗಿ ಇಟ್ಟುಕೊಳ್ಳುತ್ತಾಳೆ. ಅವಳು ಎದ್ದು ಹೋಗಿಲ್ಲ, ಬಯ್ದಿಲ್ಲ, ಎದುರಿಗೇ ಇದ್ದಾಳೆ. ಆದರೂ ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ; ಉತ್ತರ ಬಾರದಿರಲು ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ತಾಯಿಯ ಮುಖ ಮತ್ತೆ ಅರಳಿದಾಗಲೇ ಅದಕ್ಕೆ ಜೀವ ಬರುತ್ತದೆ. ಪಡಸಾಲೆಯ ಆ ತಂದೆಯ ಮುಖವನ್ನು ಇಲ್ಲಿ ನೆನೆಯಿರಿ. ಫೋನಿನ ಮೇಲೆ ಬಾಗಿದ ಮುಖವು ಕೂಸಿನ ಪಾಲಿಗೆ ನಿಶ್ಚಲವಾದ ಮುಖವೇ ಅಲ್ಲವೇ?

ಶಬ್ದ, ಸ್ಪರ್ಶ, ರೂಪ, ರಸ, ಗಂಧ ಇವು ಐದು ಇಂದ್ರಿಯಗಳ ವಿಷಯಗಳೆಂಬದನ್ನು ಪಾಠಶಾಲೆಯ ಮೊದಲ ವರುಷದ ವಿದ್ಯಾರ್ಥಿಯೂ ಬಲ್ಲನು. ತೊಡೆಯ ಮೇಲೆ ಕುಳಿತು ತುತ್ತು ಉಣ್ಣುವ ಕೂಸಿಗೆ ಈ ಐದೂ ಏಕಕಾಲಕ್ಕೆ ದೊರೆಯುತ್ತವೆ. ತಾಯಿಯ ಮಾತಿನ ಶಬ್ದ, ತೋಳಿನ ಸ್ಪರ್ಶ, ಮುಖದ ರೂಪ, ಹಾಲು ಅನ್ನದ ರಸ, ಸೆರಗಿಗೆ ಹತ್ತಿದ ಒಲೆಯ ಗಂಧ. ಪರದೆಯು ಕೊಡುವದು ಶಬ್ದ ರೂಪಗಳೆರಡನ್ನೇ. ಬೆರಳು ಸವರುವದು ಗಾಜನ್ನು. ಪರದೆಯ ಆನೆಯೂ ಅಷ್ಟೇ ನುಣುಪು, ಮುಳ್ಳೂ ಅಷ್ಟೇ ನುಣುಪು. ಎರಡೇ ವಿಷಯಗಳನ್ನು ಅತಿಯಾಗಿ ಉಂಡು ಮೂರಕ್ಕೆ ಹಸಿದ ಮಗುವು ಪುಷ್ಟವಾಗಿ ಬೆಳೆದೀತೇ?

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದುಂಟು. ಪರದೆಯ ಮೇಲೆ ಓಡುವ ಚಿತ್ರಕ್ಕೆ ಮಗು ಕಾಣುವದಿಲ್ಲ. ಮಗು ನಕ್ಕರೂ ಅತ್ತರೂ ಚಿತ್ರವು ತನ್ನಷ್ಟಕ್ಕೆ ತಾನು ಮುಂದೆ ಓಡುತ್ತದೆ. ಸಿಯಾಟಲ್ ನಗರದ ವಿಶ್ವವಿದ್ಯಾಲಯದಲ್ಲಿ ಪೆಟ್ರೀಶಿಯಾ ಕುಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ಒಂಬತ್ತು ತಿಂಗಳ ಅಮೇರಿಕನ್ ಶಿಶುಗಳಿಗೆ ಚೀನೀ ಭಾಷೆಯನ್ನು ಕೇಳಿಸಿ, ಅದರ ಫಲವನ್ನು 2003ರಲ್ಲಿ ಪ್ರಕಟಿಸಿದರು. ಕೆಲವು ಶಿಶುಗಳೊಡನೆ ಚೀನೀ ಮಾತನಾಡುವವರು ಪ್ರತ್ಯಕ್ಷವಾಗಿ ಕುಳಿತು ಹನ್ನೆರಡು ಸಾರೆ ಆಡಿದರು, ಓದಿ ಹೇಳಿದರು. ಬೇರೆ ಕೆಲವಕ್ಕೆ ಅವರದೇ ಚಿತ್ರವನ್ನೂ ಮಾತನ್ನೂ ಪರದೆಯ ಮೇಲೆ ತೋರಿಸಲಾಯಿತು. ಪ್ರತ್ಯಕ್ಷವಾಗಿ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಪರದೆಯ ಮುಂದೆ ಕುಳಿತವು ಕಲಿಯಲಿಲ್ಲ. ಮಾತು ಅದೇ, ಹೊತ್ತು ಅಷ್ಟೇ. ಇಲ್ಲವಾದದ್ದು ಉತ್ತರ ಕೊಡುವ ಮನುಷ್ಯ. ಬರಿಯ ಧ್ವನಿಯನ್ನು ಕಲಿಯುವದಕ್ಕೇ ಎದುರಿಗೆ ಮನುಷ್ಯ ಬೇಕಾದರೆ, ದಯೆ, ಸಹನೆ, ನಾಚಿಕೆ, ಕ್ಷಮೆ ಇವುಗಳನ್ನು ಕಲಿಯುವದಕ್ಕೆ ಎಷ್ಟು ಬೇಕಾದೀತು!

ಈಗ ಮೊದಲಿನ ಪ್ರಶ್ನೆಗೆ ಬರತಕ್ಕದ್ದು. ಫೋನು ಕೊಟ್ಟೊಡನೆ ಕೂಸಿನ ದುಃಖ ಎಲ್ಲಿಗೆ ಹೋಯಿತು? ಅದು ಎಲ್ಲಿಗೂ ಹೋಗಲಿಲ್ಲ, ಮರೆಯಾಯಿತು ಅಷ್ಟೆ. ದುಃಖವು ತೀರುವದು ಬೇರೆ, ಮರೆಯಾಗುವದು ಬೇರೆ. ತೀರಬೇಕಾದರೆ ಯಾರಾದರೂ ಅದನ್ನು ಕೇಳಬೇಕು, ಹೆಸರಿಡಬೇಕು, ಸ್ವಲ್ಪ ಹೊತ್ತು ಮಗುವಿನೊಡನೆ ಹೊರಬೇಕು. ಪ್ರತಿ ಅಳುವಿಗೂ ಫೋನೇ ಉತ್ತರವಾದ ಮಗುವು ತನ್ನ ದುಃಖವನ್ನು ತಾನೇ ತಡೆದುಕೊಳ್ಳುವ ಶಕ್ತಿಯನ್ನು ಎಂದು ಕಲಿಯಬೇಕು? ಅಮೇರಿಕೆಯ ಮಿಶಿಗನ್ನಿನ ವೈದ್ಯೆ ಜೆನ್ನಿ ರಾಡೆಸ್ಕಿ ಮತ್ತು ಅವರ ಸಂಗಡಿಗರು ಮೂರರಿಂದ ಐದು ವರುಷದ 422 ಮಕ್ಕಳ ವಿಷಯವಾಗಿ ನಡೆಸಿ 2022ರಲ್ಲಿ ಹೊರಗೆಡಹಿದ ಅಧ್ಯಯನದಲ್ಲಿ, ಮಗುವನ್ನು ಸುಮ್ಮನಾಗಿಸಲು ಪದೇ ಪದೇ ಪರದೆಯನ್ನು ಕೊಡುವ ರೂಢಿಗೂ ಮುಂದೆ ಮಗುವು ಸಣ್ಣ ಕಾರಣಕ್ಕೆ ಉದ್ವೇಗಗೊಳ್ಳುವದಕ್ಕೂ ಸಂಬಂಧ ಕಂಡುಬಂದಿತು. ಗಂಡುಮಕ್ಕಳಲ್ಲಿ ಇದು ವಿಶೇಷವಾಗಿತ್ತು. ಸಂಬಂಧ ಕಂಡ ಮಾತ್ರಕ್ಕೆ ಅದೊಂದೇ ಕಾರಣವೆಂದು ಹೇಳಬಾರದು. ಸ್ವಭಾವತಃ ಹಟಮಾರಿಯಾದ ಮಗುವಿಗೆ ತಾಯಿತಂದೆಗಳು ಹೆಚ್ಚಾಗಿ ಫೋನು ಕೊಡುವದೂ ಉಂಟು. ಆದರೆ ಔಷಧವೆಂದು ಕೊಟ್ಟದ್ದೇ ರೋಗವನ್ನು ಬಲಪಡಿಸುವ ಸಂಭವವಿದ್ದಾಗ ವಿವೇಕಿಗಳು ಕೈ ಹಿಂದೆ ತೆಗೆಯಬೇಕಲ್ಲವೇ?

ಊಟದ ವಿಷಯವೂ ಹಾಗೆಯೇ. ಚಿತ್ರ ತೋರಿಸಿ ತುತ್ತು ಇಟ್ಟರೆ ಮಗುವು ಬೇಗ ಉಣ್ಣುವದು ನಿಜ. ಆದರೆ ಹೊಟ್ಟೆ ತುಂಬಿತೆಂಬ ಒಳಗಿನ ಸೂಚನೆಯ ಕಡೆಗೆ ಅದರ ಗಮನವೇ ಇರುವದಿಲ್ಲ. ಚಂದ್ರನನ್ನು ತೋರಿಸಿ ಉಣಿಸಿದ ಅಜ್ಜಿಯೂ ಮಗುವಿನ ಮನಸ್ಸನ್ನು ಸೆಳೆಯಲಿಲ್ಲವೇ ಎಂದು ಕೇಳಬಹುದು. ಸೆಳೆದಳು, ಆದರೆ ಚಂದ್ರನ ಕಥೆ ಹೇಳುವ ಅಜ್ಜಿಯ ಕಣ್ಣು ಮಗುವಿನ ಬಾಯಿಯ ಮೇಲೆಯೇ ಇತ್ತು. ಮಗು ಸಾಕೆಂದು ತಲೆಯಾಡಿಸಿದಾಗ ಕಥೆಯೂ ನಿಲ್ಲುತ್ತಿತ್ತು.

ಇನ್ನು ಹೊತ್ತಿನ ಮಿತಿಯನ್ನು ಸಂಕ್ಷೇಪವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಸೂಚನೆಯಂತೆ ಎರಡು ವರುಷ ತುಂಬದ ಮಕ್ಕಳಿಗೆ ಪರದೆಯು ಬೇಡ. ಎರಡರಿಂದ ನಾಲ್ಕು ವರುಷದವರಿಗೆ ದಿನಕ್ಕೆ ಒಂದು ತಾಸನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅದೇ ಸೂಚನೆಯಲ್ಲಿ ಮೂರು ನಾಲ್ಕು ವರುಷದ ಮಗುವಿಗೆ ದಿನಕ್ಕೆ 10ರಿಂದ 13 ತಾಸು ನಿದ್ರೆ, 180 ನಿಮಿಷಗಳಷ್ಟು ಓಡಾಟ ಆಟ ಬೇಕೆಂದು ಹೇಳಿದೆ. ಭಾರತದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಪ್ರಕಟಿಸಿದ ಸೂಚನೆಗಳೂ ಇದೇ ದಾರಿಯಲ್ಲಿವೆ. ಐದರಿಂದ ಹತ್ತು ವರುಷದವರಿಗೆ ದಿನಕ್ಕೆ ಎರಡು ತಾಸಿಗಿಂತ ಕಡಿಮೆ ಎಂದು ಅವು ವಿಧಿಸಿವೆ. ರಾತ್ರಿ ಮಲಗುವ ಮುನ್ನ ಪರದೆಯ ಬೆಳಕು ಕಣ್ಣಿಗೆ ಬಿದ್ದರೆ ನಿದ್ರೆಯನ್ನು ಕರೆತರುವ ಮೆಲಟೋನಿನ್ ಎಂಬ ರಸವು ದೇಹದಲ್ಲಿ ಒಸರುವದು ತಗ್ಗುತ್ತದೆ. ನಿದ್ರೆಗೆಟ್ಟ ಮಗುವು ಮರುದಿನ ಸಿಡುಕುತ್ತದೆ. ಸಿಡುಕುವ ಮಗುವಿಗೆ ಮತ್ತೆ ಫೋನು ಸಿಗುತ್ತದೆ. ಗಾಣದ ಎತ್ತಿನಂತೆ ಸುತ್ತಿದಲ್ಲಿಯೇ ಸುತ್ತುವ ದಾರಿಯಿದು.

ಇಲ್ಲಿ ಪೂರ್ವಪಕ್ಷದವರ ಮಾತನ್ನೂ ಕೇಳುವದು ನ್ಯಾಯ. ಅವರ ಆಕ್ಷೇಪಗಳು ಮುಖ್ಯವಾಗಿ ಎರಡು.

ಮೊದಲನೆಯದು: ಪರದೆಯಿಂದ ಉಪಕಾರವೂ ಆಗಿದೆಯಲ್ಲಾ ಎಂಬದು. ನಿಜ. 2020ರಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಪರದೆಯೇ ಎಷ್ಟೋ ಮಕ್ಕಳಿಗೆ ಶಾಲೆಯಾಯಿತು. ಫೋನಿಲ್ಲದ ಬಡವರ ಮಕ್ಕಳು ಹಿಂದೆ ಬಿದ್ದರು. ದೂರದ ಊರಿನಲ್ಲಿ ದುಡಿಯುವ ತಂದೆಯು ರಾತ್ರಿ ಫೋನಿನಲ್ಲಿ ಮುಖ ತೋರಿಸಿ ಮಗಳನ್ನು ಮಾತನಾಡಿಸುತ್ತಾನೆ. ಆ ಪರದೆಯ ಮೇಲಿನ ಮುಖವು ಮಗಳನ್ನು ನೋಡುತ್ತದೆ, ಉತ್ತರ ಕೊಡುತ್ತದೆ. ಎಳೆಯ ಕೂಸುಗಳಿಗೂ ಬಂಧುಗಳೊಡನೆ ಇಂಥ ಸಂಭಾಷಣೆ ಆಗಬಹುದೆಂದು ವೈದ್ಯರು ವಿನಾಯಿತಿ ಕೊಟ್ಟಿರುವದು ಇದಕ್ಕಾಗಿಯೇ. ಆದುದರಿಂದ ಪರದೆಯನ್ನು ಮನೆಯಿಂದ ಅಟ್ಟಬೇಕೆಂಬದು ಈ ಉಪನ್ಯಾಸದ ಸಿದ್ಧಾಂತವಲ್ಲ. ಅದು ಮನುಷ್ಯನನ್ನು ಹತ್ತಿರ ತರುವಲ್ಲಿ ಇರಲಿ, ಮನುಷ್ಯನ ಸ್ಥಾನವನ್ನೇ ಆಕ್ರಮಿಸುವಲ್ಲಿ ಬೇಡ ಎಂಬದೇ ಸಿದ್ಧಾಂತ.

ಎರಡನೆಯ ಆಕ್ಷೇಪವು ಹೆಚ್ಚು ಗಟ್ಟಿಯಾದದ್ದು, ಅದು ತಾಯಂದಿರದು. ಹೊತ್ತು ಮೂಡುವ ಮೊದಲು ಎದ್ದು, ಮನೆಗೆಲಸ ಮುಗಿಸಿ, ಹೊಲಕ್ಕೋ ಕಚೇರಿಗೋ ಹೋಗಿ ದುಡಿದು ಬಂದು, ಮತ್ತೆ ಒಲೆಯ ಮುಂದೆ ನಿಲ್ಲುವ ಹೆಣ್ಣುಮಗಳಿಗೆ, "ಕೂಸಿಗೆ ಫೋನು ಕೊಡಬೇಡ" ಎಂದು ಬೋಧಿಸುವದು ಸುಲಭ. ಅವಳ ಕೈಯೊಳಗಿನ ಕೆಲಸವನ್ನು ತೆಗೆದುಕೊಳ್ಳುವವರು ಯಾರು? ಹಿಂದಿನ ಮನೆಗಳಲ್ಲಿ ಅತ್ತೆ, ನಾದಿನಿ, ನೆರೆಯವರು, ಓಣಿಯ ದೊಡ್ಡ ಮಕ್ಕಳು ಹೀಗೆ ಹತ್ತು ತೋಳುಗಳು ಕೂಸನ್ನು ಎತ್ತುತ್ತಿದ್ದವು. ಆ ತೋಳುಗಳು ಇಲ್ಲವಾದಲ್ಲಿ ಫೋನು ಬಂದು ಕುಳಿತಿದೆ. ದೋಷವೆಲ್ಲ ತಾಯಿಯದೆಂದು ಹೊರಿಸುವವರು ಈ ಮಾತನ್ನು ಮರೆಯುತ್ತಾರೆ. ಅವಳಿಂದ ಫೋನನ್ನು ಕೇಳುವ ಮೊದಲು ತಂದೆಯು ಕೂಸನ್ನು ಕೇಳಿ ಎತ್ತಿಕೊಳ್ಳಲಿ; ಅಜ್ಜನು ಅಂಗಳಕ್ಕೆ ಕರೆದೊಯ್ಯಲಿ; ನೆರೆಯವರು ಅರ್ಧ ತಾಸು ತಮ್ಮ ಮಕ್ಕಳೊಡನೆ ಆಡಲು ಬಿಡಲಿ. ಕೆಲಸ ಹಂಚಿಕೊಳ್ಳದೆ ಕೊಡುವ ಉಪದೇಶವು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ.

ಇಷ್ಟು ಹೇಳಿದ ಮೇಲೆ ಹಿರಿಯರ ಸ್ವಂತ ನಡತೆಯ ಮಾತು ಬಾರದೆ ಇರುವದಿಲ್ಲ. ಮೇಲೆ ಹೇಳಿದ ವೈದ್ಯೆಯೇ 2014ರಲ್ಲಿ ಪ್ರಕಟಿಸಿದ ಇನ್ನೊಂದು ಅವಲೋಕನದಲ್ಲಿ, ಫಲಾಹಾರ ಮಂದಿರಗಳಲ್ಲಿ ಮಕ್ಕಳೊಡನೆ ಉಣ್ಣಲು ಕುಳಿತ 55 ಜನ ಹಿರಿಯರ ಪೈಕಿ 40 ಜನರು ಊಟದ ನಡುವೆ ಫೋನನ್ನು ಬಳಸಿದರು. ಅದು ಪರದೇಶದ ಮಾತು. ಆದರೆ ಈ ಸೀಮೆಯ ಮದುವೆಯ ಪಂಕ್ತಿಯಲ್ಲಿ ಒಮ್ಮೆ ಕಣ್ಣಾಡಿಸಿದವರಿಗೆ ಅದು ಪರದೇಶದ್ದೇ ಎಂದು ತೋರಲಾರದು. ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನು ಇರಿಸಿ ಅದರಲ್ಲಿಯೇ ದೃಷ್ಟಿಯನ್ನು ನೆಲೆಗೊಳಿಸುವ ಅಭ್ಯಾಸವುಳ್ಳ ಜನಕ್ಕೆ ನೋಟದ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ನೋಟವು ಎಲ್ಲಿ ನಿಲ್ಲುವದೋ ಮನಸ್ಸು ಅಲ್ಲಿಯೇ ನಿಲ್ಲುವದು. ಅದೇ ಅಂಗೈಯ ಮೇಲೆ ದಿನದ ಹೆಚ್ಚಿನ ಹೊತ್ತು ಈಗ ಏನು ಕುಳಿತಿದೆ ಎಂಬದನ್ನು ಒಬ್ಬೊಬ್ಬರೂ ತಮ್ಮಲ್ಲಿಯೇ ಕೇಳಿಕೊಳ್ಳತಕ್ಕದ್ದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಜನರು ಯಾವಾಗಲೂ ಮಕ್ಕಳನ್ನು ಕುರಿತೇ ಹೇಳುತ್ತಾರೆ. ಈ ವಿಷಯದಲ್ಲಿ ಮೊದಲು ಬಗ್ಗಬೇಕಾದದ್ದು ಮರವೇ.

ಮರವು ಬಗ್ಗಬಲ್ಲದೆಂಬುದಕ್ಕೆ ದೃಷ್ಟಾಂತವನ್ನು ಬಹುದೂರ ಹುಡುಕಬೇಕಾಗಿಲ್ಲ. ಕರ್ನಾಟಕದ ಗಡಿಗೆ ಹೊಂದಿದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಿದೆ. ಸುಮಾರು ಮೂರು ಸಾವಿರ ಜನವಸತಿ. ಮಹಾಮಾರಿಯ ಕಾಲದಲ್ಲಿ ಪಾಠಕ್ಕಾಗಿ ಕೈಗೆ ಬಂದ ಫೋನು ಶಾಲೆ ತೆರೆದ ಮೇಲೆಯೂ ಮಕ್ಕಳ ಕೈಯನ್ನು ಬಿಡಲಿಲ್ಲವೆಂಬ ಚಿಂತೆ ಅಲ್ಲಿಯ ಹಿರಿಯರಿಗೆ ಹತ್ತಿತು. 2022ರ ಆಗಸ್ಟ್ ತಿಂಗಳಲ್ಲಿ ಊರವರು ಕೂಡಿ ಒಂದು ನಿಯಮ ಮಾಡಿಕೊಂಡರು. ಸಂಜೆ ಏಳು ಗಂಟೆಗೆ ಗುಡಿಯ ಮೇಲಿಂದ ಭೋಂಗಾ ಕೂಗುವದು. ಕೂಡಲೇ ಪ್ರತಿ ಮನೆಯಲ್ಲಿ ದೂರದರ್ಶನವೂ ಫೋನೂ ಆರತಕ್ಕದ್ದು. ಎಂಟೂವರೆಗೆ ಮತ್ತೆ ಭೋಂಗಾ. ಅಲ್ಲಿಯ ವರೆಗೆ ಮಕ್ಕಳು ಓದುವದು, ಹಿರಿಯರು ಓದುವದು, ಇಲ್ಲವೆ ಒಬ್ಬರೊಡನೊಬ್ಬರು ಮಾತನಾಡುವದು. ಮೊದಲು ಕೆಲವರು ನಕ್ಕರು. ಶಿಕ್ಷಕರೂ ಅಂಗನವಾಡಿಯ ಹೆಣ್ಣುಮಕ್ಕಳೂ ಪಂಚಾಯತಿಯ ಸಿಬ್ಬಂದಿಯೂ ಮನೆಮನೆಗೆ ಹೋಗಿ ತಿಳಿಹೇಳಿದರು. ಭೋಂಗಾ ನೆಲೆಗೊಂಡಿತು, ಸುತ್ತಲಿನ ಹಳ್ಳಿಗಳ ಕಿವಿಗೂ ಬಿದ್ದಿತು.

ಈ ನಿಯಮದ ಗುಟ್ಟು ಏನು? ಅದು ಮಕ್ಕಳಿಗೆ ಮಾತ್ರ ವಿಧಿಸಿದ್ದಲ್ಲ. ತಂದೆಯ ಫೋನೂ ಆರಿತು, ತಾಯಿಯ ಧಾರಾವಾಹಿಯೂ ನಿಂತಿತು. ತನ್ನ ಕೈಯಿಂದ ಮಾತ್ರ ಕಸಿದುಕೊಂಡಾಗ ಮಗುವಿಗೆ ಅದು ಶಿಕ್ಷೆ. ಎಲ್ಲರೂ ಕೂಡಿ ಕೆಳಗಿಟ್ಟಾಗ ಅದು ಮನೆಯ ಪದ್ಧತಿ. ಪದ್ಧತಿಗೆ ಮಕ್ಕಳು ಅಳುವದಿಲ್ಲ.

ಕೆಟ್ಟದ್ದು ಸರಿಹೋಗಲಾರದೆಂದು ಎದೆಗುಂದುವ ತಾಯಿತಂದೆಗಳಿಗೆ ಇನ್ನೊಂದು ಸಮಾಧಾನದ ಮಾತು. ಕ್ಯಾಲಿಫೋರ್ನಿಯಾದಲ್ಲಿ ಆರನೆಯ ತರಗತಿಯ 51 ಮಕ್ಕಳು ಐದು ದಿನ ಪರದೆಯಿಲ್ಲದೆ ವನಶಿಬಿರದಲ್ಲಿ ಕೂಡಿ ಬಾಳಿದರು. ಇತರರ ಮುಖಭಾವವನ್ನು ಓದಿ ತಿಳಿಯುವದರಲ್ಲಿ ಅವರು, ಎಂದಿನಂತೆ ಪರದೆಯೊಡನೆ ಇದ್ದ ಮಕ್ಕಳಿಗಿಂತ ಹೆಚ್ಚು ಸುಧಾರಿಸಿದರೆಂದು 2014ರಲ್ಲಿ ಪ್ರಕಟವಾಯಿತು. ಐದೇ ದಿನ! ಶಿಶುಹೃದಯವು ಒಣಗಿದ ನೆಲವಲ್ಲ. ಮಳೆಗೆ ಕಾಯ್ದಿರುವ ನೆಲ. ಆದರೆ ಊಟ, ನಿದ್ರೆ, ಓದು, ಗೆಳೆತನ ಎಲ್ಲವನ್ನೂ ಬಿಟ್ಟು ಪರದೆಗೆ ಅಂಟಿಕೊಂಡು, ತೆಗೆದರೆ ಉಗ್ರವಾಗುವ ಮಗುವನ್ನು ಬೈದು ಹೊಡೆದು ತಿದ್ದಲು ಹೋಗಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿ ಇಂಥವರಿಗಾಗಿಯೇ ಒಂದು ಚಿಕಿತ್ಸಾಲಯವನ್ನು ತೆರೆಯಲಾಯಿತು. ಜ್ವರಕ್ಕೆ ವೈದ್ಯರ ಬಳಿಗೆ ಹೋಗುವಂತೆ ಇದಕ್ಕೂ ನಾಚದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಕಡೆಯದಾಗಿ, ಸದ್ಭಕ್ತರು ಮನೆಯಲ್ಲಿ ನಡೆಸಬಹುದಾದ ನಾಲ್ಕು ಮಾತುಗಳು. ಎರಡು ವರುಷದೊಳಗಿನ ಕೂಸಿಗೆ ಪರದೆಯನ್ನು ತೋರಿಸದಿರುವದು. ಉಣ್ಣುವ ಹೊತ್ತು, ಮಲಗುವ ಹೊತ್ತು ಇವೆರಡರಲ್ಲಿ ಮನೆಯ ಯಾರ ಕೈಯಲ್ಲಿಯೂ ಪರದೆ ಇರದಿರುವದು. ದೊಡ್ಡ ಮಕ್ಕಳು ನೋಡುವದನ್ನು ಹಿರಿಯರೊಬ್ಬರು ಜೊತೆಗೆ ಕುಳಿತು ನೋಡಿ, ಮುಗಿದ ಮೇಲೆ ಅದರ ವಿಷಯವಾಗಿ ಮಾತನಾಡುವದು. ಅಳುವ ಮಗುವಿಗೆ ಮೊದಲು ತೋಳು ಕೊಡುವದು, ಬಳಿಕ ಮಾತು ಕೊಡುವದು. ಇವಕ್ಕೆ ಹಣ ಬೇಡ, ಹೊತ್ತು ಬೇಕು. ಕುಂಟಬಿಲ್ಲೆ, ಚಿಣಿಪಣಿ, ಚೌಕಾಬಾರ ಇವುಗಳಲ್ಲಿ ಸೋತು ಅತ್ತು ಮರುದಿನ ಮತ್ತೆ ಆಡಲು ಬಂದ ಮಕ್ಕಳು ಯಾವ ಗ್ರಂಥವನ್ನೂ ಓದದೆ ಸಹನೆಯನ್ನು ಕಲಿತಿದ್ದರು. ಆ ಅಂಗಳವನ್ನು ಮಕ್ಕಳಿಗೆ ಮರಳಿ ಕೊಡುವದು ಹಿರಿಯರ ಕೈಯಲ್ಲಿದೆ.

ಪಡಸಾಲೆಯ ಆ ಕೂಸು ಈಗಲೂ ಮಣ್ಣಿನ ಎತ್ತನ್ನು ಹಿಡಿದು ನಿಂತಿದೆ. "ಅಪ್ಪಾ, ಇಲ್ಲಿ ನೋಡು" ಎಂದು ಅದು ಕರೆಯುವ ವರುಷಗಳು ಬಹಳವಿಲ್ಲ. ಕರೆದು ಕರೆದು ಉತ್ತರ ಕಾಣದ ಮಗುವು ಕರೆಯುವದನ್ನೇ ಬಿಡುತ್ತದೆ. ಆ ಮೇಲೆ ದೊಡ್ಡವರು ಕರೆದರೂ ಅದು ಪರದೆಯಿಂದ ತಲೆಯೆತ್ತುವದಿಲ್ಲ. ಇಂದು ಮನೆಗೆ ಹೋದೊಡನೆ ಅದು ಕರೆದರೆ, ಕೈಯೊಳಗಿನದನ್ನು ಕೆಳಗಿಟ್ಟು, ಅದರ ಕಡೆಗೆ ಮುಖ ತಿರುಗಿಸಿ, "ಏನು ಮಗೂ?" ಎಂದು ಕೇಳಿರಿ. ಈ ಮಹೋತ್ಸವದಿಂದ ಮನೆಗೊಯ್ಯತಕ್ಕ ಪ್ರಸಾದಗಳಲ್ಲಿ ಅದೂ ಒಂದಾಗಲಿ.